ಕಲ್ಲು ಹೇಳತೈತಿ, ಮಂದಿ ಹೇಳತಾರ: ಊರಿನ ಇತಿಹಾಸವನ್ನು ಮಕ್ಕಳಿಗೆ ಕಥೆಯಾಗಿ ಹೇಳುವುದು ಹೇಗೆ?

ಬಾಗಲಕೋಟೆ ಕಡೆಯ ಏಳನೇ ತರಗತಿ ಹುಡುಗನೊಬ್ಬನಿಗೆ ಇಮ್ಮಡಿ ಪುಲಿಕೇಶಿ ಯಾರು ಅಂತ ಕೇಳಿ ನೋಡಿ. ‘ಹರ್ಷವರ್ಧನನನ್ನು ಸೋಲಿಸಿದವನು’ ಅಂತ ಥಟ್ಟನೆ ಹೇಳುತ್ತಾನೆ. ಎರಡು ಅಂಕಕ್ಕೆ ಅಷ್ಟು ಸಾಕು. ಆ ಸುದ್ದಿ ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೇ ಇದೆ, ಬರೆದವನು ರವಿಕೀರ್ತಿ ಎಂಬ ಕವಿ, ವರ್ಷ 634 ಅಂತ ಹೇಳಿ ನೋಡಿ. ‘ಐಹೊಳಿ? ಅದು ನಮ್ಮ ಅತ್ತಿ ಊರಲ್ರೀ ಸರ!’ ಎಂದು ಎದ್ದು ನಿಲ್ಲುತ್ತಾನೆ. ಪಾಠ ಶುರುವಾಗುವುದು ಅಲ್ಲಿಂದ.

ಕಥೆ ಹೇಳಿದರೆ ಮಕ್ಕಳು ಕಿವಿ ಕೊಡುತ್ತಾರೆ, ಅದು ಎಲ್ಲರಿಗೂ ಗೊತ್ತು. ತೊಂದರೆ ಇರುವುದು ಬೇರೆ ಕಡೆ. ಕಥೆಯಲ್ಲಿ ಬಂದ ಸುಳ್ಳೂ ನಿಜದಷ್ಟೇ ಗಟ್ಟಿಯಾಗಿ ತಲೆಯಲ್ಲಿ ಕೂರುತ್ತದೆ. ರಾಜ ಏನಂದ, ರಾಣಿ ಹೇಗೆ ಅತ್ತಳು ಅಂತ ಮೇಷ್ಟ್ರು ಸೇರಿಸಿದ್ದನ್ನೆಲ್ಲ ಮಕ್ಕಳು ಇತಿಹಾಸ ಅಂತಲೇ ನಂಬುತ್ತಾರೆ. ಹಾಗಂತ ಕಥೆ ಬಿಟ್ಟು ಒಣ ಇಸವಿಗೆ ವಾಪಸ್ ಹೋಗಬೇಕಿಲ್ಲ. ಯಾವುದು ಎಲ್ಲಿಂದ ಬಂತು ಅಂತ ಹೇಳುತ್ತಲೇ ಕಥೆ ಕಟ್ಟಬಹುದು. ಅದಕ್ಕೆ ದೊಡ್ಡ ತಯಾರಿಯೇನೂ ಬೇಡ. ಒಂದು ನೋಟ್‌ಬುಕ್, ಒಂದು ಭಾನುವಾರ ಇದ್ದರೆ ಸಾಕು.

ಮೊದಲು ಒಂದೇ ಒಂದು ವಸ್ತು ಹಿಡಿಯಿರಿ

‘ಚಾಲುಕ್ಯರ ಕಾಲ’ ಅಂತ ಹೊರಟರೆ ಕಥೆ ಆಗುವುದಿಲ್ಲ, ಉಪನ್ಯಾಸ ಆಗುತ್ತದೆ. ಒಂದು ಬಂಡೆ, ಒಂದು ಬಾವಿ, ಒಂದು ಓಣಿ, ಹೀಗೆ ಮಗು ಮುಟ್ಟಿ ನೋಡಬಹುದಾದ ಒಂದನ್ನು ಆರಿಸಿ. ಇಳಕಲ್ ಶಾಲೆಯಾದರೆ ಅಜ್ಜಿಯ ಸೀರೆಯೇ ಸಾಕು. ಒಡಲಿನ ಹಾಸಿಗೂ (ಉದ್ದದ ಎಳೆಗೂ) ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿದ್ದನ್ನು ಮಗು ಬೆರಳಿನಿಂದ ಹುಡುಕಲಿ. ಬಾಗಲಕೋಟೆಯ ನವನಗರದ ಶಾಲೆಯಾದರೆ ಮಕ್ಕಳ ಮನೆ ವಿಳಾಸದಲ್ಲಿರುವ ಸೆಕ್ಟರ್ ನಂಬರೇ ವಸ್ತು. ಬೇರೆ ಊರಲ್ಲಿ ಓಣಿಗೆ ಹೆಸರಿರುತ್ತದೆ, ನಮ್ಮಲ್ಲಿ ಯಾಕೆ ನಂಬರು? ಈ ಒಂದು ಪ್ರಶ್ನೆ ವಾರವಿಡೀ ನಡೆಯುತ್ತದೆ.

ಬಾದಾಮಿಯವರಿಗಂತೂ ಆರಿಸುವುದೇ ಕಷ್ಟ. ನನ್ನ ಓಟು ಕಪ್ಪೆ ಅರಭಟ್ಟ ಎಂಬ ವೀರನ ಶಾಸನಕ್ಕೆ. ಹೊಂಡದ ಆಚೆ ಬಂಡೆಯ ಮೇಲಿರುವ, ಸುಮಾರು 700ರ ಕಾಲದ ಬರಹ ಅದು. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂಬ ಸಾಲು ತ್ರಿಪದಿಯಲ್ಲಿದೆ, ಅಂದರೆ ಮೂರು ಸಾಲಿನ ಪದ್ಯದಲ್ಲಿ. ಬೀಸುವ ಕಲ್ಲಿನ ಹಾಡುಗಳದ್ದೂ ತ್ರಿಪದಿಯೇ. ಹಾಡಲು ಬರುವ ಅಜ್ಜಿ ಯಾರಾದರೂ ಊರಲ್ಲಿದ್ದರೆ ಕರೆಸಿ, ಎರಡನ್ನೂ ಒಂದರ ಹಿಂದೆ ಒಂದು ಹೇಳಿಸಿ. ವಿವರಣೆ ಆಮೇಲೆ ಕೊಟ್ಟರಾಯಿತು.

ನೋಟ್‌ಬುಕ್‌ನಲ್ಲಿ ಮೂರು ಕಾಲಂ

ಇದನ್ನು ಮಾತ್ರ ಬಿಡಬೇಡಿ. ಆರಿಸಿದ ವಸ್ತುವಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಮೂರು ಭಾಗ ಮಾಡಿ ಬರೆಯಿರಿ. ಮೊದಲನೆಯದು ‘ಕಲ್ಲು ಹೇಳತೈತಿ’. ಶಾಸನ, ಕಾಗದಪತ್ರ, ಕಣ್ಣಿಗೆ ಕಾಣುವ ಕಟ್ಟಡ ಇಲ್ಲಿ ಬರುತ್ತವೆ. ಎರಡನೆಯದು ‘ಮಂದಿ ಹೇಳತಾರ’. ಇದರಲ್ಲಿ ಐತಿಹ್ಯ, ಹಾಡು, ಅಜ್ಜನ ನೆನಪು. ಮೂರನೆಯದು ‘ನಾವು ಅನ್ಕೊಂಡೇವಿ’. ಇದು ನಿಮ್ಮ ಊಹೆಯ ಜಾಗ.

ಬಾದಾಮಿ ಗುಡ್ಡವನ್ನೇ ನೋಡಿ. ವಾತಾಪಿ, ಇಲ್ವಲ ಎಂಬ ಅಣ್ಣತಮ್ಮ ರಕ್ಕಸರು. ಇಲ್ವಲ ತಮ್ಮನನ್ನು ಆಡು ಮಾಡಿ, ಕೊಯ್ದು, ಅಡಿಗೆ ಮಾಡಿ ದಾರಿಹೋಕರಿಗೆ ಬಡಿಸುತ್ತಿದ್ದ. ಉಂಡ ಮೇಲೆ ‘ವಾತಾಪಿ, ಬಾ’ ಅಂದರೆ ಅವನು ಹೊಟ್ಟೆ ಸೀಳಿ ಹೊರಗೆ ಬರುತ್ತಿದ್ದ. ಅಗಸ್ತ್ಯ ಮುನಿ ಮಾತ್ರ ಉಂಡು, ಹೊಟ್ಟೆ ಸವರಿ ‘ವಾತಾಪಿ ಜೀರ್ಣೋ ಭವ’ ಅಂದುಬಿಟ್ಟ. ಇದು ಮಂದಿ ಹೇಳುವ ಕಥೆ. ಅದೇ ಗುಡ್ಡದಲ್ಲಿ 543ರ ಶಾಸನವೊಂದಿದೆ, ಮೊದಲನೇ ಪುಲಿಕೇಶಿ ಇಲ್ಲಿ ಕೋಟೆ ಕಟ್ಟಿಸಿದ ಅಂತ. ಇದು ಕಲ್ಲು ಹೇಳುವುದು. ಎರಡನ್ನೂ ಹೇಳಿ. ಒಂದನ್ನು ಮೂಢನಂಬಿಕೆ ಅಂತ ತಳ್ಳುವುದೂ ಬೇಡ, ಇನ್ನೊಂದರ ಜೊತೆ ಕಲಸುವುದೂ ಬೇಡ. ಒಂದು ಊರು ತನ್ನ ಗುಡ್ಡಕ್ಕೆ ಯಾವ ಕಥೆ ಕಟ್ಟಿಕೊಂಡಿತು ಅನ್ನುವುದೂ ಆ ಊರಿನ ಇತಿಹಾಸವೇ ಅಲ್ವಾ?

ಕಥೆ ಹೇಳುವಾಗ ಈ ಮೂರಕ್ಕೂ ಒಂದೊಂದು ಸನ್ನೆ ಇಟ್ಟುಕೊಳ್ಳಿ. ಕಲ್ಲಿನ ಮಾತು ಬಂದಾಗ ನೆಲ ಮುಟ್ಟಿ, ಮಂದಿಯ ಮಾತಿಗೆ ಕಿವಿಗೆ ಕೈ, ನಮ್ಮ ಊಹೆಗೆ ಹಣೆಗೆ ಬೆರಳು. ಸ್ವಲ್ಪ ಹೊತ್ತಿಗೆ ಮಕ್ಕಳೇ ನಿಮಗಿಂತ ಮೊದಲು ಸನ್ನೆ ಮಾಡುತ್ತಾರೆ. ನೀವು ತಪ್ಪು ಸನ್ನೆ ಮಾಡಿದರೆ ಬಿಡುವುದೂ ಇಲ್ಲ.

ಕಥೆಗೊಬ್ಬ ಮನುಷ್ಯ ಬೇಕು

ರಾಜನೇ ಆಗಬೇಕಿಲ್ಲ. ರಾಜನಲ್ಲದಿದ್ದರೆ ಇನ್ನೂ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ರಾಜನ ಕಥೆ ಗೆದ್ದ, ಸೋತ, ಸತ್ತ ಎನ್ನುವಲ್ಲಿಗೆ ಮುಗಿದುಹೋಗುತ್ತದೆ. ಕೆಲಸ ಮಾಡಿದವನ ಕಥೆಯಲ್ಲಿ ‘ಹ್ಯಾಂಗ್ ಮಾಡಿದಾ?’ ಅನ್ನುವ ಪ್ರಶ್ನೆ ಹುಟ್ಟುತ್ತದೆ, ಮಕ್ಕಳಿಗೆ ಬೇಕಾದದ್ದು ಅದೇ. ಪಟ್ಟದಕಲ್ಲಿನ ಗುಂಡನನ್ನು ತೆಗೆದುಕೊಳ್ಳಿ. ವಿರೂಪಾಕ್ಷ ಗುಡಿಯ ಸೂತ್ರಧಾರಿ, ಅಂದರೆ ಗುಡಿಯ ಲೆಕ್ಕ, ಅಳತೆ ನೋಡಿಕೊಂಡ ಮುಖ್ಯಸ್ಥ. ಅವನ ಹೆಸರು ಅಲ್ಲಿನ ಶಾಸನದಲ್ಲೇ ಇದೆ. ಅವನ ಕಥೆಯನ್ನು ತರಗತಿಯಲ್ಲಿ ಹೀಗೆ ಹೇಳಬಹುದು:

‘642ನೇ ಇಸವಿ. ಕಂಚಿಯ ಪಲ್ಲವರ ದಂಡು ಬಾದಾಮಿಗೆ ನುಗ್ಗಿತು. ಊರು ಗೆದ್ದರು. ಗೆದ್ದು ಸುಮ್ನೆ ಹೋಗಲಿಲ್ಲ. ನಮ್ಮ ಬಂಡೆ ಮೇಲೆ ತಮ್ಮ ರಾಜ ನರಸಿಂಹವರ್ಮನ ಹೆಸರು ಕೆತ್ತಿಸಿದರು.’ (ನೆಲ ಮುಟ್ಟಿ.) ಇಲ್ಲಿ ನಿಲ್ಲಿಸಿ, ಕೇಳಿ: ‘ನಿಮ್ಮ ಮನಿ ಗ್ವಾಡಿ ಮ್ಯಾಲೆ ಬ್ಯಾರೇ ಊರವರು ಬಂದು ತಮ್ಮ ಹೆಸರು ಬರದು ಹ್ವಾದ್ರ ಹ್ಯಾಂಗ ಅನಸ್ತೈತಿ?’ ಗದ್ದಲ ಆಗುತ್ತದೆ. ಆಗಲಿ.

‘ಸುಮಾರು ನೂರು ವರ್ಷ ಆಯಿತು. ಈಗ ನಮ್ಮ ಸರದಿ. ಚಾಲುಕ್ಯರ ರಾಜ ಇಮ್ಮಡಿ ವಿಕ್ರಮಾದಿತ್ಯ ದಂಡು ತಗೊಂಡು ಕಂಚಿಗೆ ಹೋದ, ಗೆದ್ದ. ಎದುರಿಗೆ ಕೈಲಾಸನಾಥ ಗುಡಿ, ಅದರ ಭಂಡಾರ. ಏನು ಮಾಡಿರಬಹುದು?’ ಮತ್ತೆ ನಿಲ್ಲಿಸಿ. ಲೂಟಿ ಮಾಡಿದ ಅನ್ನುವವರು ಕೈ ಎತ್ತಲಿ, ಸುಟ್ಟ ಅನ್ನುವವರು ಕೈ ಎತ್ತಲಿ. ಆಮೇಲೆ ಹೇಳಿ: ‘ಗುಡಿಯ ಸಂಪತ್ತನ್ನು ಗುಡಿಗೇ ಬಿಟ್ಟುಕೊಟ್ಟ. ಹಾಗಂತ ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ಇವತ್ತೂ ಐತಿ.’ (ನೆಲ.)

‘ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಗುಡಿ ಕಟ್ಟಿಸಿದಳು. ಆಗ ಅದರ ಹೆಸರು ಲೋಕೇಶ್ವರ. ಕಟ್ಟುವ ಕೆಲಸ ಗುಂಡನಿಗೆ ಬಂತು. ಅವನ ಕೆಲಸ ನೋಡಿ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟರು.’ (ನೆಲ.) ‘ಕಂಚಿಯ ಗುಡಿಗೂ ಈ ಗುಡಿಗೂ ಹೋಲಿಕೆ ಐತಿ. ಹಂಗಾರ ಗುಂಡ ಕಂಚಿಗೆ ಹೋಗಿದ್ದನೇನು? ದಂಡಿನ ಜೊತಿ ನಡದು, ಆ ಗುಡಿ ಮುಂದ ನಿಂತು, ಗೇಣು ಹಾಕಿ ಅಳದನೇನು?’ (ಹಣೆಗೆ ಬೆರಳು.)

ಇಷ್ಟೇ. ಹತ್ತು ಹನ್ನೆರಡು ನಿಮಿಷಕ್ಕಿಂತ ಜಾಸ್ತಿ ಎಳೆಯಬೇಡಿ. ಗುಡಿಯ ದಕ್ಷಿಣ ದಿಕ್ಕಿಗೆ ಸಂಬಂಧಿಸಿ ಸರ್ವಸಿದ್ಧಿ ಆಚಾರಿ ಎಂಬ ಇನ್ನೊಬ್ಬ ಸೂತ್ರಧಾರಿಯ ಹೆಸರೂ ಶಾಸನದಲ್ಲಿದೆ. ಅದನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಇಬ್ಬರೂ ಜಗಳಾಡಿದ್ದರಾ, ಗೆಳೆಯರಾಗಿದ್ದರಾ ಅಂತ ಮಕ್ಕಳೇ ಹಣೆಗೆ ಬೆರಳಿಟ್ಟು ಕಟ್ಟಲಿ.

ಭಾಷೆಯ ಬಗ್ಗೆ ಒಂದು ಮಾತು. ಕಥೆ ಹೇಳುವಾಗ ಮಕ್ಕಳ ಮನೆಮಾತಿನಲ್ಲೇ ಹೇಳಿ. ಬರೆಸುವಾಗ ಪುಸ್ತಕದ ಕನ್ನಡ ಇದ್ದೇ ಇದೆ. ನಾಟಕದ ದನಿ ತೆಗೆಯುವುದೂ ಬೇಕಿಲ್ಲ. ಕಟ್ಟೆ ಮೇಲೆ ಕೂತು ಮಾತಾಡುವ ದನಿ ಸಾಕು.

ಮಕ್ಕಳನ್ನೇ ಕಥೆ ತರಲು ಕಳಿಸಿ

ಬಾಗಲಕೋಟೆಯಲ್ಲಿ ಇದಕ್ಕೆ ಮುಳುಗಡೆಗಿಂತ ದೊಡ್ಡ ವಿಷಯ ಬೇರೆ ಇಲ್ಲ. ಆಲಮಟ್ಟಿಯಲ್ಲಿ ಕೃಷ್ಣಾ ನದಿಯ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟಿದ್ದು 1964ರಲ್ಲಿ. ಹಿನ್ನೀರು ಘಟಪ್ರಭೆಯಲ್ಲಿ ಏರಿ ಬಂತು. ಹಳೇ ಊರಿನ ಎಷ್ಟೋ ಮನೆಗಳು ನೀರಿಗೆ ಹೋದವು, ನವನಗರ ಎದ್ದಿತು. 519.60 ಮೀಟರ್, 524 ಮೀಟರ್ ಎಂಬ ಅಣೆಕಟ್ಟಿನ ನೀರಿನ ಮಟ್ಟದ ಅಂಕಿಗಳು ಇಲ್ಲಿಯ ಚಹಾ ಅಂಗಡಿಯ ಮಾತಿನಲ್ಲೂ ಬರುತ್ತವೆ. ಮಕ್ಕಳು ದಿನಾ ಕೇಳುತ್ತಾರೆ, ಅದು ತಮ್ಮ ಅಜ್ಜನ ಮನೆಯ ಲೆಕ್ಕ ಅಂತ ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ.

‘ಮುಳುಗಡೆ ಬಗ್ಗೆ ಹೇಳ್ರಿ’ ಅಂತ ಕೇಳಿದರೆ ಹಿರಿಯರು ಪರಿಹಾರದ ದುಡ್ಡಿನ ಕಥೆ ಹೇಳುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ. ಸಣ್ಣ ಪ್ರಶ್ನೆ ಕೊಟ್ಟು ಕಳಿಸಿ. ಮನಿ ಮುಂದ ಯಾವ ಗಿಡ ಇತ್ತು? ಕುಡಿಯೋ ನೀರು ಎಲ್ಲಿಂದ ತರ್ತಿದ್ರಿ? ಹೋಳಿ ಹಬ್ಬಕ್ಕ ಬಣ್ಣದ ಬಂಡಿ ನಿಮ್ಮ ಓಣಿಗೆ ಎತ್ತಾಗಿಂದ ಬರ್ತಿತ್ತು? ಬಿಟ್ಟು ಬರುವಾಗ ಬಾಗಿಲು, ಚೌಕಟ್ಟು ಕಿತ್ತು ತಂದ್ರೇನು? ಈಗ ಅವು ಎಲ್ಲಿ ಅದಾವು? ಕೊನೆಯ ಪ್ರಶ್ನೆಗೆ ಕೆಲವು ಮನೆಗಳಲ್ಲಿ ಅಜ್ಜಿ ಬೆರಳು ಮಾಡಿ ಮನೆಯೊಳಗಿನ ಬಾಗಿಲನ್ನೇ ತೋರಿಸಬಹುದು. ಆಗ ಮಗುವಿಗೆ ತಾನು ದಿನಾ ದಾಟುವ ಹೊಸ್ತಿಲೇ ಇತಿಹಾಸ.

ಎರಡು ಎಚ್ಚರ. ಅಜ್ಜ ಬೇಡ ಅಂದರೆ ಮಗು ಒತ್ತಾಯ ಮಾಡಬಾರದು. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುವ ಮೊದಲು ಕೇಳಲೇಬೇಕು. ಒಂದೇ ಓಣಿಯ ಇಬ್ಬರು ಅಜ್ಜಂದಿರು ಒಂದೇ ಬಾವಿಯನ್ನು ಎರಡು ಕಡೆ ತೋರಿಸಿದರೆ ಗಾಬರಿ ಬೇಡ. ಬೋರ್ಡ್ ಮೇಲೆ ಎರಡನ್ನೂ ಬರೆದು, ಯಾವುದು ಸರಿ ಅಂತ ಹೇಗೆ ಪತ್ತೆ ಹಚ್ಚೋಣ ಅಂತ ಮಕ್ಕಳನ್ನೇ ಕೇಳಿ. ಆ ವಾರದ ಅತ್ಯುತ್ತಮ ಪಾಠ ಅದೇ ಆಗಬಹುದು.

ನೋವಿನ ಕಥೆ ಬಂದಾಗ

ಮುಧೋಳ ತಾಲ್ಲೂಕಿನ ಹಲಗಲಿಯ ಕಥೆ ಸಣ್ಣದಲ್ಲ. 1857ರಲ್ಲಿ ಬ್ರಿಟಿಷರು ಹತಾರ, ಅಂದರೆ ಆಯುಧ, ಒಪ್ಪಿಸಬೇಕು ಅಂತ ಕಾನೂನು ತಂದರು. ಹಲಗಲಿಯ ಬೇಡರು ಕೊಡುವುದಿಲ್ಲ ಅಂದರು. ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಡಿಸೆಂಬರ್‌ನಲ್ಲಿ ಹಿಡಿದವರನ್ನು ಗಲ್ಲಿಗೇರಿಸಿದರು. ಇದನ್ನು ಹಾಡಿದ ಲಾವಣಿ ಹತ್ತನೇ ತರಗತಿ ಮಕ್ಕಳಿಗೆ ಗೊತ್ತು.

ಸಣ್ಣ ತರಗತಿಯಲ್ಲಿ ಗಲ್ಲಿನ ವರ್ಣನೆ ಬೇಡ. ದಂಡಿನವರು ಮನೆಗಳಿಂದ ಹೊತ್ತೊಯ್ದ ವಸ್ತುಗಳನ್ನು ಲಾವಣಿ ಪಟ್ಟಿ ಮಾಡುತ್ತದೆ. ಉಪ್ಪು, ಎಣ್ಣೆ, ಅರಿಶಿಣ, ಜೀರಿಗೆ, ಬೆಲ್ಲ, ಕೊನೆಗೆ ಬೀಸುವ ಕಲ್ಲು ಕೂಡ. ಆ ಪಟ್ಟಿ ಓದಿಸಿ, ಸುಮ್ಮನಿರಿ. ಬೀಸುವ ಕಲ್ಲು ಹೋದ ಮನೆಯಲ್ಲಿ ಮರುದಿನ ರೊಟ್ಟಿ ಹ್ಯಾಂಗ ಮಾಡಿರಬೇಕು ಅಂತ ಯಾವುದೋ ಹುಡುಗಿ ಕೇಳಿಯೇ ಕೇಳುತ್ತಾಳೆ. ಯುದ್ಧ ಅಂದರೆ ಏನು ಅಂತ ವಿವರಿಸಲು ನಿಮ್ಮ ಹತ್ತು ವಾಕ್ಯಕ್ಕಿಂತ ಆ ಪ್ರಶ್ನೆ ಮೇಲು. ಲಾವಣಿ ಯಾವ ಕಾಲಂಗೆ ಹೋಗಬೇಕು ಅನ್ನುವ ವಾದವನ್ನೂ ಎಬ್ಬಿಸಿ. ಮಂದಿ ಹಾಡಿದ್ದು ಹೌದು, ಆದರೆ ಅದರ ಮುಖ್ಯ ಸಂಗತಿಗೆ ಸರ್ಕಾರಿ ದಾಖಲೆಯೂ ಇದೆ. ಎರಡೂ ಕಾಲಂನಲ್ಲಿ ಬರೆಯಬಹುದು.

ಯಾವ ಕಾಲದ ಯುದ್ಧ ಹೇಳಿದರೂ ಅದನ್ನು ಇವತ್ತು ಬೆಂಚಿನ ಮೇಲೆ ಕೂತ ಮಕ್ಕಳ ಜಾತಿ, ಧರ್ಮಕ್ಕೆ ಗಂಟು ಹಾಕಬೇಡಿ. ಇದರಲ್ಲಿ ರಿಯಾಯಿತಿ ಇಲ್ಲ.

ಕಥೆ ಆದ ಮೇಲೆ ಜಾಗಕ್ಕೆ ಹೋಗಿ

ಮೊದಲು ಪ್ರವಾಸ, ಆಮೇಲೆ ಪಾಠ ಅಂತ ಮಾಡುವವರು ಜಾಸ್ತಿ. ತಿರುಗಿಸಿ ಮಾಡಿ. ಗುಂಡನ ಕಥೆ ಕೇಳಿಕೊಂಡು ಹೋದ ಮಕ್ಕಳು ಪಟ್ಟದಕಲ್ಲಿನಲ್ಲಿ ಸೆಲ್ಫಿಗಿಂತ ಮೊದಲು ಅವನ ಹೆಸರು ಹುಡುಕುತ್ತಾರೆ. ಬೆಳಗ್ಗೆ ಬೇಗ ಹೋಗಿ. ಓರೆ ಬಿಸಿಲಿನಲ್ಲಿ ಅಕ್ಷರದ ಗೆರೆಗೆ ನೆರಳು ಬಿದ್ದು ಎದ್ದು ಕಾಣುತ್ತದೆ, ನಡುಮಧ್ಯಾಹ್ನ ಬರೀ ಕಲ್ಲು. ಅಕ್ಷರ ಕಾಣಲಿ ಅಂತ ಚಾಕ್‌ಪೀಸ್ ಉಜ್ಜಲು, ನೀರು ಹಾಕಲು ಬಿಡಬೇಡಿ. 754ರ ಕಂಬದ ಶಾಸನವನ್ನು ತಪ್ಪದೆ ತೋರಿಸಿ. ಒಂದೇ ವಿಷಯ ಎರಡು ಲಿಪಿಯಲ್ಲಿದೆ. ಕನ್ನಡದ್ದು ಯಾವ ಕಡೆ ಅಂತ ಮಕ್ಕಳೇ ಹುಡುಕಲಿ. ಹದಿನೈದು ವರ್ಷದೊಳಗಿನವರಿಗೆ ಇಲ್ಲಿ ಟಿಕೆಟ್ ಇಲ್ಲ, ಬಸ್ಸಿನ ಖರ್ಚು ಮಾತ್ರ.

ವಾಪಸ್ ಬಂದ ಮೇಲೆ ಪ್ರಬಂಧ ಬರೆಸಬೇಡಿ. ಬ್ಯಾಗ್ ಇಲ್ಲದ ಶನಿವಾರ ಐದನೇ ತರಗತಿಯವರನ್ನು ಕೂರಿಸಿ, ಏಳನೆಯವರಿಂದ ಅದೇ ಕಥೆ ಹೇಳಿಸಿ, ಸನ್ನೆ ಸಮೇತ. ಅಂಕ ಕೊಡಲೇಬೇಕಿದ್ದರೆ ಸನ್ನೆ ಸರಿ ಇದೆಯಾ ಅಂತ ನೋಡಿ ಕೊಡಿ, ದನಿ ನೋಡಿ ಅಲ್ಲ. ಮಕ್ಕಳು ಮನೆಯಿಂದ ತಂದ ಹಾಳೆಗಳನ್ನು ಒಂದು ಫೈಲಿಗೆ ಹಾಕಿ ಶಾಲೆಯ ಗ್ರಂಥಾಲಯದಲ್ಲಿಡಿ. ಹೇಳಿದವರ ಹೆಸರು, ಅವರ ಹಳೇ ಓಣಿ, ಕೇಳಿದ ದಿನಾಂಕ ಇಲ್ಲದ ಹಾಳೆಯನ್ನು ಸೇರಿಸಬೇಡಿ. ವಾಪಸ್ ಕಳಿಸಿ, ಕೇಳಿ ಬರೆದುಕೊಂಡು ಬರಲಿ.