ಕಬ್ಬಿಣದ ಐದು ಹೆಸರು ಕಲಿಯುವ ದಾರಿ

ನಾನು ಭದ್ರಾವತಿಯವಳು. ಕಬ್ಬಿಣದ ಕಾರ್ಖಾನೆಯ ಊರು. ಮನೆಗೆ ಪಾಠಕ್ಕೆ ಬರುವ ಹೈಸ್ಕೂಲ್ ಮಕ್ಕಳಿಗೆ ಯುರೋಪಿನ ಭಾಷೆಗಳ ರುಚಿ ಹತ್ತಿಸುವುದೂ ಕಬ್ಬಿಣದಿಂದಲೇ.

ಮೊದಲು ಲ್ಯಾಟಿನ್‌ನ 'ಫೆರ್ರುಮ್' ಬರೆದುಕೊಳ್ಳಿ. ಕೆಮಿಸ್ಟ್ರಿಯ 'ಎಫ್‌ಇ' ಬಂದಿದ್ದು ಇದರಿಂದ. ಬಾಲ ತೆಗೆದು 'ಒ' ಸೇರಿಸಿದರೆ ಇಟಾಲಿಯನ್ 'ಫೆರ್ರೊ'. ಪೋರ್ಚುಗೀಸಿನಲ್ಲೂ ಬರೆಯುವುದು ಹಾಗೇ, ರಕಾರ ಮಾತ್ರ ಗಂಟಲಿನಿಂದ ಬರುತ್ತದೆ. ಫ್ರೆಂಚ್ 'ಫೆರ್', ರೊಮೇನಿಯನ್ 'ಫಿಯೆರ್'. ಇವು ಸುಲಭ.

ತೊಡಕಾಗುವುದು ಸ್ಪ್ಯಾನಿಷ್. ಅಲ್ಲಿ 'ಯೆರ್ರೊ'. ಫಕಾರ ಎಲ್ಲಿ ಹೋಯಿತು? ಸುಮ್ನೆ ಬಾಯಿಪಾಠ ಮಾಡಬೇಡಿ, ಹಳಗನ್ನಡ ನೆನಪಿಸಿಕೊಳ್ಳಿ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು ಅಲ್ವಾ? ಸ್ಪ್ಯಾನಿಷ್‌ನಲ್ಲೂ ಎಷ್ಟೋ ಪದಗಳ ಮೊದಲಿನ ಫಕಾರ ಹಕಾರವಾಯಿತು. ಆಮೇಲೆ ಆ ಹಕಾರದ ಸದ್ದೂ ಅಡಗಿತು. ಈಗ ಬರೆಯುವಾಗ ಎಚ್ ಅಕ್ಷರ ಇದೆ, ಓದುವಾಗ ಇಲ್ಲ. ಹಿಟ್ಟಿಗೆ ಲ್ಯಾಟಿನ್‌ನಲ್ಲಿ 'ಫರೀನಾ', ಸ್ಪ್ಯಾನಿಷ್‌ನಲ್ಲಿ 'ಅರೀನಾ'. ಇಂಥ ಜೋಡಿಗಳನ್ನು ಪಕ್ಕಪಕ್ಕ ಬರೆದು ಜೋರಾಗಿ ಓದಿ. ಎಲ್ಲ ಪದಗಳಲ್ಲೂ ಹೀಗಾಗಿಲ್ಲ. ಬೆಂಕಿ ಈಗಲೂ 'ಫುಎಗೊ'.

ಆಮೇಲೆ ರೈಲಿನ ಪದ ಹಿಡಿಯಿರಿ. ತಾಳಗುಪ್ಪದ ರೈಲು ಹತ್ತುವ ಮಕ್ಕಳಿಗೆ ಇದು ಜಾಸ್ತಿ ಇಷ್ಟ. ಫ್ರೆಂಚ್‌ನಲ್ಲಿ ರೈಲುದಾರಿ 'ಶೆಮೆಂ ದ ಫೆರ್', ಅಂದರೆ ಕಬ್ಬಿಣದ ದಾರಿ. ಇಟಾಲಿಯನ್‌ನಲ್ಲಿ 'ಫೆರ್ರೊವಿಯಾ'. ಸ್ಪ್ಯಾನಿಷ್ 'ಫೆರ್ರೊಕರ್ರಿಲ್'ನಲ್ಲಿ ಫಕಾರ ಹಾಗೇ ಇದೆ ನೋಡಿ. ರೈಲು ಬಂದಮೇಲೆ ಲ್ಯಾಟಿನ್ ಬೇರಿನಿಂದ ಹೊಸದಾಗಿ ಕಟ್ಟಿಕೊಂಡ ಪದ ಅದು.