ಅಣುಸ್ಥಾವರದ ಸಿಎಸ್‌ಆರ್ ವರದಿ ಓದುವುದು ಹೇಗೆ: ಕೈಗಾ ಪಕ್ಕದವರಿಗೆ

ಸಿಎಸ್‌ಆರ್ ಅಂದರೆ ಕಂಪನಿ ಸಮಾಜದ ಒಳಿತಿಗೆ ಮಾಡಬೇಕಾದ ಕೆಲಸ. ಅದರ ವರದಿ ಕೈಗೆ ಬಂದ ಕೂಡಲೇ ಫೋಟೋ ಇರುವ ಪುಟಗಳನ್ನು ದಾಟಿ ಮುಂದೆ ಹೋಗಿ. ಶಾಲೆಗೆ ಬೆಂಚು, ನೀರಿನ ಘಟಕ, ಹೊಲಿಗೆ ಯಂತ್ರ, ರಿಬ್ಬನ್ ಕತ್ತರಿಸುವ ಸಾಹೇಬರು. ಕೆಲಸ ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಸಿಮೆಂಟ್ ಕಂಪನಿಯ ವರದಿಯಲ್ಲೂ ಇವೇ ಫೋಟೋಗಳಿರುತ್ತವೆ ಅಲ್ವಾ? ಅಣುಸ್ಥಾವರದ ಪಕ್ಕದಲ್ಲಿ ಇರುವವರು ಕೇಳುವುದೇ ಬೇರೆ. ನದಿಗೆ ಏನು ಬಿಡುತ್ತೀರಿ, ಒಳಗೆ ಏನಾದರೂ ಎಡವಟ್ಟಾದರೆ ನಮಗೆ ಯಾವಾಗ ಹೇಳುತ್ತೀರಿ?

ಮೊದಲು ದುಡ್ಡಿನ ಲೆಕ್ಕ ಮುಗಿಸಿಬಿಡೋಣ, ಅದು ಸುಲಭ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ ಕೊಡಬೇಕು. ಕೈಗಾ ನಡೆಸುವ ಎನ್‌ಪಿಸಿಐಎಲ್ ಕೇಂದ್ರ ಸರ್ಕಾರದ್ದೇ ಕಂಪನಿ, ಅದಕ್ಕೂ ಈ ನಿಯಮ ಇದೆ. ವಾರ್ಷಿಕ ವರದಿಯ ಅನುಬಂಧದಲ್ಲಿ ಕೊಡಬೇಕಾದದ್ದೆಷ್ಟು, ಕೊಟ್ಟದ್ದೆಷ್ಟು, ಉಳಿದದ್ದೆಷ್ಟು ಅಂತ ಇರುತ್ತದೆ. ಉಳಿದಿದ್ದರೆ ಕಾರಣವನ್ನೂ ಬರೆಯಬೇಕು. ಆದರೆ ಅದು ಇಡೀ ಕಂಪನಿಯ ಲೆಕ್ಕ. ತಾರಾಪುರ, ರಾವತ್‌ಭಾಟಾ, ಕೂಡಂಕುಳಂ ಸ್ಥಾವರಗಳದ್ದೆಲ್ಲ ಒಟ್ಟಿಗೆ ಸೇರಿರುತ್ತದೆ. ಸ್ಥಾವರದ ಸುತ್ತಲಿನ ಊರುಗಳಿಗೆ ಆದ್ಯತೆ ಕೊಡಿ ಅಂತ ಕಾಯ್ದೆಯೇ ಹೇಳುತ್ತದೆ. ಹಾಗಾಗಿ ನೀವು ಹುಡುಕಬೇಕಾದದ್ದು ಕೈಗಾಕ್ಕೆ ಎಷ್ಟು, ಮಲ್ಲಾಪುರ, ಕದ್ರಾ ಕಡೆಗೆ ಎಷ್ಟು ಅನ್ನುವುದನ್ನು.

ಇಲ್ಲೊಂದು ಕಡೆ ಹುಷಾರಾಗಿರಿ. ಬೇರೆ ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸ ಸಿಎಸ್‌ಆರ್ ಆಗುವುದಿಲ್ಲ. ಕಂಪನಿಯ ದಿನನಿತ್ಯದ ಕೆಲಸ ಆಗುವುದಿಲ್ಲ, ಸ್ವಂತ ನೌಕರರಿಗೆ ಮಾಡಿದ್ದೂ ಆಗುವುದಿಲ್ಲ. ತುರ್ತು ಅಣಕು ಕಾರ್ಯಾಚರಣೆ, ವಿಕಿರಣ ಅಳತೆ ಇವನ್ನೆಲ್ಲ ಊರಿಗೆ ಮಾಡಿದ ಉಪಕಾರ ಅನ್ನುವ ಧಾಟಿಯಲ್ಲಿ ಬರೆದಿದ್ದರೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಇನ್ನೊಂದು ವಿಷಯ: ವರ್ಷಕ್ಕೆ ಸರಾಸರಿ 10 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ಸಿಎಸ್‌ಆರ್ ಹೊಣೆ ಇರುವ ಕಂಪನಿ, 1 ಕೋಟಿ ಮತ್ತು ಅದಕ್ಕೂ ದೊಡ್ಡ ಯೋಜನೆಗಳ ಪರಿಣಾಮ ಏನಾಯಿತು ಅಂತ ಹೊರಗಿನವರಿಂದ ಅಧ್ಯಯನ ಮಾಡಿಸಬೇಕು. ಫೋಟೋ ಪುಟಕ್ಕಿಂತ ಆ ಅಧ್ಯಯನ ಓದಿ.

ಇನ್ನು ಅಸಲಿ ವಿಷಯ. ಸಿಎಸ್‌ಆರ್ ವರದಿಯನ್ನು ಒಂಟಿಯಾಗಿ ಓದಬೇಡಿ. ಪಕ್ಕದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ, ಅಂದರೆ ಎಇಆರ್‌ಬಿಯ, ಅದೇ ವರ್ಷದ ವರದಿ ಇಟ್ಟುಕೊಳ್ಳಿ. ಸ್ಥಾವರದಿಂದ ಹೊರಗೆ ಹೋದ ವಿಕಿರಣದ ಲೆಕ್ಕ ಅಲ್ಲಿರುತ್ತದೆ. ಮೈಗೆ ತಗಲುವ ವಿಕಿರಣವನ್ನು ಸೀವರ್ಟ್ ಲೆಕ್ಕದಲ್ಲಿ ಅಳೆಯುತ್ತಾರೆ. ಸಾರ್ವಜನಿಕರಿಗೆ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್, ಅಂದರೆ 1000 ಮೈಕ್ರೋಸೀವರ್ಟ್. ಪ್ರಕೃತಿಯಿಂದಲೇ ಜಗತ್ತಿನಲ್ಲಿ ಒಬ್ಬೊಬ್ಬರಿಗೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ. "ಮಿತಿಗಿಂತ ಬಹಳ ಕಡಿಮೆ" ಅನ್ನುವ ಒಂದು ಸಾಲಿಗೆ ತಲೆಯಾಡಿಸಬೇಡಿ, ಅದು ನಿಜವಾಗಿದ್ದರೂ ಸರಿ. ಅಂಕಿ ಕೇಳಿ, 5 ವರ್ಷದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಏರುತ್ತಿದೆಯಾ ಇಳಿಯುತ್ತಿದೆಯಾ ನೋಡಿ. ಕೈಗಾದಲ್ಲಿ ನಡೆಯುವ ಹಕ್ಕಿ ಎಣಿಕೆ, ಅದೇ ಹಕ್ಕಿ ಮ್ಯಾರಥಾನ್, ಅದರ ಬಗ್ಗೆ ಚೆಂದದ ಪುಟ ಸಿಕ್ಕರೆ ಓದಿ ಖುಷಿಪಡಿ, ನನಗೂ ಮಂಗಟ್ಟೆ ಹಕ್ಕಿ ಇಷ್ಟ, ಆದರೆ ಮಂಗಟ್ಟೆ ಬಂದು ಟ್ರಿಷಿಯಂ, ಅಂದರೆ ವಿಕಿರಣ ಸೂಸುವ ಜಲಜನಕ, ಎಷ್ಟಿದೆ ಅಂತ ಅಳೆದು ಹೇಳುವುದಿಲ್ಲ.

ಆಮೇಲೆ ಕೆಟ್ಟ ಸುದ್ದಿ ಎಲ್ಲಿದೆ ಅಂತ ಹುಡುಕಿ. ವರದಿ ನಂಬಬಹುದಾ ಇಲ್ಲವಾ ಅನ್ನುವುದು ನನ್ನ ಮಟ್ಟಿಗೆ ಇಲ್ಲೇ ತೀರ್ಮಾನ ಆಗುತ್ತದೆ. ಕೈಗಾದ 1ನೇ ಘಟಕ 2018ರ ಕೊನೆಯವರೆಗೆ ಸತತ 962 ದಿನ ಓಡಿ ವಿಶ್ವದಾಖಲೆ ಮಾಡಿತು. ಹೆಮ್ಮೆಯ ಮಾತೇ, ಎಲ್ಲರೂ ಹೇಳಿಕೊಂಡರು. ಅದೇ ಘಟಕದ ಗುಮ್ಮಟದ ಒಳಪದರ 1994ರ ಮೇ ತಿಂಗಳಲ್ಲಿ, ಇನ್ನೂ ಕಟ್ಟುತ್ತಿರುವಾಗಲೇ, ಕಳಚಿ ಬಿದ್ದಿತ್ತು. 2009ರ ನವೆಂಬರ್‌ನಲ್ಲಿ ಸ್ಥಾವರದ ಒಳಗಿನ ವಾಟರ್ ಕೂಲರ್‌ನಲ್ಲಿ ರಿಯಾಕ್ಟರ್‌ನಲ್ಲಿ ಬಳಸುವ, ಟ್ರಿಷಿಯಂ ಇರುವ ಭಾರಜಲ ಸೇರಿತ್ತು. ಅದು ಗೊತ್ತಾಗಿದ್ದು ಮಾಮೂಲಿಯಾಗಿ ಮಾಡುವ ನೌಕರರ ಮೂತ್ರ ಪರೀಕ್ಷೆಯಿಂದ. ವಿಶ್ವದಾಖಲೆಯನ್ನು ಹೇಳಿದ ದನಿಯಲ್ಲೇ ಈ ಎರಡನ್ನೂ ಹೇಳಿದ್ದಾರಾ? ಕಂಪನಿಯ ಆಯಾ ವರ್ಷದ ವಾರ್ಷಿಕ ವರದಿ ತೆಗೆದು ಎಷ್ಟು ಸಾಲು ಕೊಟ್ಟಿದ್ದಾರೆ ಎಣಿಸಿ.

ಎಣಿಸುವುದು ಅತಿಯಾಯಿತು ಅನ್ನಿಸಿದರೆ ಜಪಾನ್ ನೋಡಿ. ಫುಕುಶಿಮಾದ ಟೆಪ್ಕೊ ಕಂಪನಿ ತಪಾಸಣೆ ದಾಖಲೆ ತಿದ್ದಿದ್ದು 2002ರಲ್ಲೇ ಬಯಲಾಗಿತ್ತು. 2011ರ ದುರಂತದ ನಂತರ, 2015ರಲ್ಲಿ, ಸಂಬಂಧಪಟ್ಟವರು ಒಪ್ಪದೆ ಸ್ಥಾವರದ ವಿಕಿರಣ ಸೇರಿದ, ಆಮೇಲೆ ಶುದ್ಧೀಕರಿಸಿದ ನೀರನ್ನು ಏನೂ ಮಾಡುವುದಿಲ್ಲ ಅಂತ ಮೀನುಗಾರರಿಗೆ ಮಾತು ಕೊಟ್ಟರು. ಶುದ್ಧೀಕರಿಸಿದೆ ಅಂದ ನೀರಿನಲ್ಲಿ ಟ್ರಿಷಿಯಂ ಅಲ್ಲದ ಬೇರೆ ವಸ್ತುಗಳೂ ಮಿತಿ ಮೀರಿ ಉಳಿದಿವೆ ಅಂತ 2018ರಲ್ಲಿ ಗೊತ್ತಾಯಿತು. 2023ರ ಆಗಸ್ಟ್‌ನಲ್ಲಿ ಸಮುದ್ರಕ್ಕೆ ಬಿಡಲು ಶುರು ಮಾಡಿದಾಗ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಪರಿಣಾಮ ತೀರಾ ಅಲ್ಪ ಅಂದಿತ್ತು, ಮೀನುಗಾರರ ಒಕ್ಕೂಟ ಮಾತ್ರ ಒಪ್ಪಲೇ ಇಲ್ಲ. ನೀರಿನ ಲೆಕ್ಕ ಸರಿಯಿದ್ದರೂ ಮಾತಿನ ಲೆಕ್ಕ ತಪ್ಪಿತ್ತು.

ಊರಿನವರಿಗೆ ಏನು ಬೇಕು ಅಂತ ತಿಳಿಯಲು ಕಂಪನಿ ಹೊಸ ಸಮೀಕ್ಷೆ ಮಾಡಿಸಬೇಕಿಲ್ಲ. ಕೈಗಾದ 5 ಮತ್ತು 6ನೇ ಘಟಕಗಳಿಗೆ, ತಲಾ 700 ಮೆಗಾವ್ಯಾಟ್, 2018ರ ಡಿಸೆಂಬರ್‌ನಲ್ಲಿ ಸಾರ್ವಜನಿಕ ಅಹವಾಲು ನಡೆಯಿತು. ಅದರ ನಡಾವಳಿ ತರಿಸಿಕೊಳ್ಳಿ. ಜನ ಕೇಳಿದ್ದನ್ನು ಎಡಗಡೆ ಬರೆಯಿರಿ, ನಂತರದ ವರ್ಷಗಳ ವರದಿಗಳಲ್ಲಿ ಉತ್ತರ ಸಿಕ್ಕರೆ ಬಲಗಡೆ ಬರೆಯಿರಿ. ಬಲಗಡೆ ಖಾಲಿ ಉಳಿದದ್ದೇ ಮುಂದಿನ ಸಭೆಗೆ ನಿಮ್ಮ ಪಟ್ಟಿ. ಫ್ರಾನ್ಸ್‌ನಲ್ಲಿ ಪ್ರತಿ ಅಣುಸ್ಥಾವರಕ್ಕೂ ಜನಪ್ರತಿನಿಧಿಗಳು, ಸಂಘಟನೆಗಳು ಇರುವ ಸ್ಥಳೀಯ ಮಾಹಿತಿ ಸಮಿತಿ ಇರಬೇಕು ಅಂತ 2006ರಿಂದ ಕಾನೂನೇ ಇದೆ. ಇಲ್ಲಿ ಸದ್ಯಕ್ಕೆ ನೀವೇ ಸಮಿತಿ.

ಉತ್ತರ ಸಿಗದ್ದಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಇಂಗ್ಲಿಷ್ ಬರದಿದ್ದರೆ ಚಿಂತೆ ಬೇಡ, ಅರ್ಜಿ ಹಾಕುವ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆಯಲು ಕಾಯ್ದೆಯಲ್ಲೇ ಅವಕಾಶ ಇದೆ, ಕನ್ನಡದಲ್ಲೇ ಬರೆಯಿರಿ. "ಸ್ಥಾವರ ಸುರಕ್ಷಿತವೇ?" ಅಂತ ಸುಮ್ನೆ ಕೇಳಬೇಡಿ, "ಹೌದು" ಅಂತ ಒಂದೇ ಪದದ ಉತ್ತರ ಬರುತ್ತದೆ. ಯಂತ್ರದ ವಿನ್ಯಾಸ, ಕಾವಲು ವ್ಯವಸ್ಥೆ ಕೇಳಿದರೆ ಭದ್ರತೆಯ ಕಾರಣ ಹೇಳಿ ತಳ್ಳಿಹಾಕುತ್ತಾರೆ. ಇಂಥ ವರ್ಷ ಕದ್ರಾ ಜಲಾಶಯದ ನೀರಿನಲ್ಲಿ ಅಳೆದ ಟ್ರಿಷಿಯಂ ಪ್ರಮಾಣ, ತಿಂಗಳುವಾರು, ಪ್ರಯೋಗಾಲಯದ ವರದಿಯ ಪ್ರತಿ ಸಮೇತ ಅಂತ ಕೇಳಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಕಳೆದುಕೊಳ್ಳಬೇಡಿ. ಮೇಲ್ಮನವಿ ಹಾಕಬೇಕಾಗಿ ಬಂದರೆ ತಾರೀಖು ಬೇಕಾಗುತ್ತದೆ.