ಥೈರಾಯ್ಡ್ ಗುಳಿಗಿ, ಮುಂಜಾನಿ ಚಹಾ ಮತ್ತ ಉದುರೋ ಕೂದಲು

ಗುಳಿಗಿ ನುಂಗಿದ್ರೂ ಹಣಗಿ ತುಂಬ ಕೂದಲು ಬರತಾವು ಅನ್ನೋ ಅಕ್ಕಂದಿರು, ಮೊದಲ ಚಹಾದ ಹೊತ್ತು ನೋಡ್ರಿ. ಲೆವೊಥೈರಾಕ್ಸಿನ್ (ಥೈರಾಯ್ಡ್ ಕಡಿಮಿ ಇದ್ದೋರ ಗುಳಿಗಿ) ಖಾಲಿ ಹೊಟ್ಟಿಗೆ, ಬರೇ ನೀರಿನ ಕೂಡ ತಗೋಬೇಕು. ಮುಂದ 30ರಿಂದ 60 ನಿಮಿಷ ಚಹಾ, ನಾಷ್ಟಾ ಏನೂ ಬ್ಯಾಡ. ಕಬ್ಬಿಣ, ಕ್ಯಾಲ್ಸಿಯಂ ಗುಳಿಗಿಗೆ 4 ತಾಸಿನ ಅಂತರ ಇರಲಿ. ಅವು ಹೊಟ್ಟ್ಯಾಗ ಇದನ್ನ ಹಿಡಕೊಂಡು ರಕ್ತಕ್ಕ ಸೇರಗೊಡೂದಿಲ್ಲ. ವಿಜಯಪುರದ ಬ್ಯಾಸಗ್ಯಾಗ ಡಬ್ಬಿ ಒಲಿ ಹತ್ರ ಇಟ್ರ ಔಷಧದ ಕಸುವು ಹೋಗತೈತಿ.

ಕೂದಲಿಗಂತ ಬಯೋಟಿನ್ ಅನ್ನೋ ವಿಟಮಿನ್ ತಗೊಳ್ಳೋರು (ಈಗ ಯಾರು ತಗೊಳ್ಳೂದಿಲ್ಲ ಹೇಳ್ರಿ) ರಕ್ತ ತಪಾಸಣಿಗಿಂತ ಕನಿಷ್ಠ 2 ದಿನ ಮೊದಲ ನಿಲ್ಲಿಸ್ರಿ. ಇಲ್ಲಾಂದ್ರ ಟಿಎಸ್‌ಎಚ್ (ಥೈರಾಯ್ಡ್ ತಪಾಸಣಿಯ ಹಾರ್ಮೋನ್) ಇದ್ದದ್ದಕ್ಕಿಂತ ಕಡಿಮಿ ಕಾಣಿಸಿ, ಔಷಧ ಹೆಚ್ಚಾಗೇತಿ ಅನಿಸಿ ಡೋಸ್ ತಪ್ಪಾಗಿ ಇಳಿಸೋ ಹಂಗ ಆಗಬಹುದು. ಡೋಸ್ ಬದಲಾದ್ರ ಮರು ತಪಾಸಣಿ 6ರಿಂದ 8 ವಾರಕ್ಕ. ಅದರ ಕೂಡ ಫೆರಿಟಿನ್ (ಮೈಯಾಗಿನ ಕಬ್ಬಿಣದ ಸಂಗ್ರಹ ತೋರಸೋ ತಪಾಸಣಿ) ಮಾಡಸೂದು ಚಲೋ. ಕಬ್ಬಿಣದ ಕೊರತಿನೂ ಕೂದಲು ಉದುರಸತೈತಿ.

ಟಿಎಸ್‌ಎಚ್ ಸರಿ ಬಂದ ಮರುದಿನ ಉದುರೂದು ನಿಲ್ಲೂದಿಲ್ಲ, ತಿಂಗಳುಗಟ್ಟಲೆ ಬೇಕು. ಥೈರಾಯ್ಡಿನಿಂದಾದ್ರ ತಲಿ ತುಂಬ ಒಂದೇ ಸಮ ತೆಳ್ಳಗಾಗತೈತಿ. ರೂಪಾಯಿ ಬಿಲ್ಲಿಯಷ್ಟು ದುಂಡಗ ಬೋಳಾಗಿದ್ರ ಅದು ಬ್ಯಾರೆ, ಚರ್ಮದ ಡಾಕ್ಟರಿಗೆ ತೋರಿಸ್ರಿ.